ಸಿ ಲ್ಯಾಬಿನ ಆ 33ನೇ ನಂಬರ್ ಬಂದಿದ್ದೆಲ್ಲಿಂದ

ಶಿವಮೊಗ್ಗದಲ್ಲಿ ಡಿಪ್ಲೊಮಾ ಓದ್ತಿದ್ದಾಗ ಟರ್ಬೊ ಸಿ (ಸಿ ಭಾಷೆಯ ಹಳೇ ಕಂಪೈಲರ್) ಲ್ಯಾಬಲ್ಲಿ ಒಂದು ಮೌಸ್ ಪ್ರೋಗ್ರಾಮ್ ಇತ್ತು, ಎಎಕ್ಸ್ ಅನ್ನೋ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಪುಟ್ಟ ಖಾನೆ) 0 ಹಾಕಿ ಇಂಟ್86 ಅನ್ನೋ ಫಂಕ್ಷನ್ನಿಗೆ ಹೆಕ್ಸ್ (ಅಂದ್ರೆ 16ರ ಲೆಕ್ಕದ) 33 ಕೊಟ್ರೆ ಮೌಸ್ ಇದೆಯೋ ಇಲ್ವೋ ಹೇಳತ್ತೆ, ಆಮೇಲೆ 1 ಹಾಕಿ ಕರೆದ್ರೆ ಸ್ಕ್ರೀನ್ ಮೇಲೆ ಸಣ್ಣ ಚೌಕ ಓಡಾಡತ್ತೆ. ಟೆಕ್ಸ್ಟ್ ಮೋಡಲ್ಲಿ ಬಾಣ ಎಲ್ಲ ಇಲ್ಲ ಮಾರಾಯ್ರೆ, ಚೌಕಾನೇ. ಜುಲೈ ಮಳೇಲಿ ಕರೆಂಟ್ ಹೋಗೋದ್ರೊಳಗೆ ಸೇವ್ ಮಾಡಿದ್ರೆ ಪುಣ್ಯ. 33 ಯಾಕೆ ಅಂತ ಕೇಳಿದ್ರೆ ಮೇಷ್ಟ್ರು "ರೆಕಾರ್ಡಲ್ಲಿ ಹಂಗೇ ಬರ್ಕೊಳ್ಳಿ" ಅಂದ್ರು.

ಕಥೆ ಶುರುವಾಗೋದು 1981ರಲ್ಲಿ, ಐಬಿಎಂ ಪಿಸಿ ಬಂದಾಗ. ಅದರ 8088 ಚಿಪ್ಪು ಮೆಮೊರಿಯ ಮೊದಲ 1024 ಬೈಟನ್ನ ಒಂದು ಪಟ್ಟಿಗೆ ಅಂತ ಇಟ್ಕೊಂಡಿತ್ತು, 256 ಅಡ್ರೆಸ್, ಒಂದೊಂದಕ್ಕೆ 4 ಬೈಟ್. ಪ್ರೋಗ್ರಾಮು ನಂಬರ್ ಹೇಳಿದ್ರೆ ಸಾಕು, ಚಿಪ್ಪು ಪಟ್ಟಿ ನೋಡಿ ಆ ಅಡ್ರೆಸ್ಸಿಗೆ ಹಾರತ್ತೆ, ಇದಕ್ಕೇ ಇಂಟರಪ್ಟ್ ಅನ್ನೋದು. ಹೆಕ್ಸ್ ಲೆಕ್ಕದಲ್ಲಿ 10 ಸ್ಕ್ರೀನಿಗೆ, 13 ಡಿಸ್ಕಿಗೆ, 16 ಕೀಬೋರ್ಡಿಗೆ, ಇವು ಬಯಾಸ್‌ದು (ಪಿಸಿಯ ರಾಮ್ ಚಿಪ್ಪಲ್ಲೇ, ಅಂದ್ರೆ ROMನಲ್ಲೇ ಇರೋ ಪ್ರೋಗ್ರಾಮು), 21 ಆಗಿನ ಆಪರೇಟಿಂಗ್ ಸಿಸ್ಟಮ್ ಡಾಸ್‌ದು. 33ರ ಮನೇಲಿ ಮೌಸ್ ಡ್ರೈವರ್ (ಮೌಸ್ ನಡೆಸೋ ಪ್ರೋಗ್ರಾಮು) ಲೋಡ್ ಆದಾಗ ತನ್ನ ಅಡ್ರೆಸ್ ಬರೆದಿಡತ್ತೆ, ಅದಕ್ಕೇ ಡ್ರೈವರ್ ಹಾಕದೆ ಪ್ರೋಗ್ರಾಮ್ ಓಡಿಸಿದ್ರೆ ಚೌಕಾನೂ ಇಲ್ಲ ಏನೂ ಇಲ್ಲ. ತಮಾಷೆ ಅಂದ್ರೆ ಮೊದಲ 32 ನಂಬರ್ ನಮಗೆ ಬೇಕು ಅಂತ ಇಂಟೆಲ್ ಮೊದಲೇ ಹೇಳಿತ್ತು, ಐಬಿಎಂ ಕೇಳ್ಲಿಲ್ಲ, 5ನ್ನ ಪ್ರಿಂಟ್ ಸ್ಕ್ರೀನಿಗೆ ಕೊಟ್ಬಿಡ್ತು, ಮುಂದೆ 80286ರಲ್ಲಿ ಅದೇ 5 ಬೌಂಡ್ ಅನ್ನೋ, ಅರೇ ಮಿತಿ ಮೀರಿದ್ಯಾ ಅಂತ ನೋಡೋ ಸೂಚನೆಯ ತಪ್ಪಿಗೂ ಬಂದು ಕೂತ್ಕೊಳ್ತು.

ಸಿ ಭಾಷೆಗೆ ಇದ್ಯಾವುದೂ ಗೊತ್ತಿಲ್ಲ, ಅದು ಯುನಿಕ್ಸ್ ಮನೆಯ ಕೂಸು, ಎಎಕ್ಸ್ ರಿಜಿಸ್ಟರನ್ನ ಹೆಸರಿಟ್ಟು ಕರೆಯೋ ದಾರಿ ಅದರಲ್ಲಿಲ್ಲ. ಹಂಗಾಗಿ ಬೋರ್ಲ್ಯಾಂಡ್‌ನಂಥೋರು ಡಾಸ್ ಹೆಡರಲ್ಲಿ ಇಂಟ್86 ಕೊಟ್ರು: ರೆಗ್ಸ್ ಅನ್ನೋ ಯೂನಿಯನ್ನಲ್ಲಿ (ಸಿ ಭಾಷೆಯ ಒಂಥರಾ ಡಬ್ಬಿ) ಬೆಲೆ ತುಂಬಿ ಕಳಿಸಿದ್ರೆ ಅದು ರಿಜಿಸ್ಟರಿಗೆ ಹಾಕಿ, ಇಂಟರಪ್ಟ್ ಎಬ್ಬಿಸಿ, ಉತ್ತರ ವಾಪಸ್ ತುಂಬಿ ಕೊಡತ್ತೆ. ಒಳಗಡೆ ಮಾತ್ರ ಸರ್ಕಸ್. ಇಂಟ್ ಸೂಚನೆ ಎರಡೇ ಬೈಟು, ಮೊದಲನೇದು ಹೆಕ್ಸಲ್ಲಿ CD ಅನ್ನೋ ಸಂಖ್ಯೆ, ಎರಡನೇದೇ ನಂಬರ್. ರಿಜಿಸ್ಟರಿಂದ ನಂಬರ್ ತಗೊಳ್ಳೋ ರೂಪವೇ ಇಲ್ಲ, ಅದಕ್ಕೆ ಪ್ರೋಗ್ರಾಮ್ ಓಡ್ತಾ ಇರೋವಾಗಲೇ ಆ ಬೈಟುಗಳನ್ನ ಮೆಮೊರೀಲಿ ಬರೆದು ಅಲ್ಲಿಗೇ ಹಾರಬೇಕು. ನನಗಂತೂ ಇಡೀ ಲ್ಯಾಬಲ್ಲಿ ಕಲಿಯೋಕೆ ಇದ್ದಿದ್ದೇ ಇದು, ಯಾರೂ ಹೇಳ್ಲಿಲ್ಲ ಅಷ್ಟೆ.

ಒಂದು ಪ್ರೋಗ್ರಾಮು ಇನ್ನೊಂದರ ಮೆಮೊರಿ ಮುಟ್ಟದ ಹಾಗೆ ಚಿಪ್ಪೇ ಕಾಯೋ ಪ್ರೊಟೆಕ್ಟೆಡ್ ಮೋಡ್ ಬಂದ್ಮೇಲೆ ಆ ಪಟ್ಟಿ ಆಪರೇಟಿಂಗ್ ಸಿಸ್ಟಮ್ ಕೈಗೆ ಹೋಯ್ತು. 32 ಬಿಟ್ ವಿಂಡೋಸ್ ವರ್ಚುವಲ್ 8086 ಮೋಡಲ್ಲಿ (ಚಿಪ್ಪು ಹಳೇ 8086 ಥರ ನಟಿಸೋ ರೀತಿ) ಹಳೇ ಡಾಸಿನ ನಾಟಕ ಆಡ್ತಿತ್ತು, ಚಿಪ್ಪಿನ 64 ಬಿಟ್ ಮೋಡಲ್ಲಿ ಅದೂ ಇಲ್ಲ. ಮೊನ್ನೆ ತೀರ್ಥಹಳ್ಳಿಯ ಅಣ್ಣನ ಮಗನ ಲ್ಯಾಪ್‌ಟಾಪಲ್ಲಿ ಡಾಸ್‌ಬಾಕ್ಸ್ (ಹಳೇ ಡಾಸ್ ಪಿಸಿಯನ್ನ ಅನುಕರಿಸೋ ಸಾಫ್ಟ್‌ವೇರ್) ಹಾಕಿ ಅದೇ ಪ್ರೋಗ್ರಾಮ್ ಓಡಿಸಿದ್ವಿ, ಡ್ರೈವರ್ ಲೋಡ್ ಮಾಡೋ ಗೋಜೇ ಇಲ್ಲ, 33ಕ್ಕೆ ಡಾಸ್‌ಬಾಕ್ಸೇ ಉತ್ತರ ಕೊಡತ್ತೆ.