ಮಧ್ಯಾಹ್ನದ ಸ್ಲ್ಯಾಬ್

ಏಪ್ರಿಲ್ ತಿಂಗಳು, ರಾಯಚೂರಿನ ಹೊರವಲಯದ ಒಂದು ಮನೆ. ನಾನು ಹೋಗುವಷ್ಟರಲ್ಲಿ ಅರ್ಧ ಸ್ಲ್ಯಾಬ್ ಆಗಿತ್ತು. ಮೇಸ್ತ್ರಿ ಮಿಕ್ಸರ್‌ಗೆ ಇನ್ನೊಂದು ಬಕೆಟ್ ನೀರು ಎತ್ತಿದ್ದ. “ಬಿಸಿಲಿಗೆ ನೀರು ಆರಿ ಮಾಲು ಬಿಗಿಯುತ್ತಿದೆ, ಸಾಹೇಬರೇ” ಎಂದ.

ಅವನ ಮಾತು ಅರ್ಧ ನಿಜ. ನೀರು ಆರುತ್ತದೆ, ಆದರೆ ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆಸಿ. ನೀರಿನೊಳಗೆ ಮುಳುಗಿಸಿಟ್ಟರೂ ಅದು ಕಲ್ಲಾಗುತ್ತದೆ. ಬಿಸಿಲು ಆ ಕ್ರಿಯೆಯ ವೇಗವನ್ನೇ ಹೆಚ್ಚಿಸುತ್ತದೆ.

ಎಷ್ಟು? 27 ಡಿಗ್ರಿಯಿಂದ 37ಕ್ಕೆ ಏರಿದರೆ ಕಣಗಳ ಸರಾಸರಿ ಚಲನಶಕ್ತಿ ಹೆಚ್ಚುವುದು ನೂರಕ್ಕೆ ಮೂರರಷ್ಟು ಮಾತ್ರ. ಆದರೆ ಕಣಗಳು ಬರೀ ಡಿಕ್ಕಿ ಹೊಡೆದರೆ ಸಾಲದು, ಶಕ್ತಿಯ ಒಂದು ಹೊಸ್ತಿಲನ್ನು ದಾಟಬೇಕು. ದಾಟಬಲ್ಲವು ಬಲು ಕಡಿಮೆ, ಆ ಸ್ವಲ್ಪ ಬಿಸಿಗೇ ಅವುಗಳ ಸಂಖ್ಯೆ ಎಷ್ಟೋ ಕ್ರಿಯೆಗಳಲ್ಲಿ ಇಮ್ಮಡಿಯ ಹತ್ತಿರ ಹೋಗುತ್ತದೆ. 1889ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಈ ಲೆಕ್ಕವನ್ನು ಸೂತ್ರಕ್ಕೆ ಇಳಿಸಿದರು. ಹತ್ತು ಡಿಗ್ರಿಗೆ ದುಪ್ಪಟ್ಟು ಎನ್ನುವುದು ಅಂದಾಜಿನ ಮಾತು. ಸಿಮೆಂಟಿನ ವೇಗ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ, ಆದರೂ ಮೇಸ್ತ್ರಿಯ ಕೈ ಮೀರುವಷ್ಟು ಏರುತ್ತದೆ. ಪ್ರಯೋಗಾಲಯದಲ್ಲಿ ಸಿಮೆಂಟ್ ಬಿಗಿಯುವ ಹೊತ್ತನ್ನು ಅಳೆಯುವುದು 27 ಡಿಗ್ರಿಯಲ್ಲಿ. ನಮ್ಮ ಮಾಳಿಗೆಯ ಮೇಲೆ ಮಧ್ಯಾಹ್ನ 42!

“ಮೂರೇ ದಿನಕ್ಕೆ ಕಲ್ಲಾಯಿತು” ಎಂದು ಮನೆಯವರು ಹಿಗ್ಗುತ್ತಾರೆ. ನನಗೆ ಆಗಲೇ ಅನುಮಾನ. ಕ್ರಿಯೆ ಅವಸರದಲ್ಲಿ ನಡೆದರೆ ಸಿಮೆಂಟ್ ಕಣಗಳ ಸುತ್ತ ದಟ್ಟವಾದ ಪದರ ಬೇಗ ಕಟ್ಟಿಕೊಂಡು, ಒಳಗಿನ ಭಾಗಕ್ಕೆ ನೀರು ತಲುಪುವುದು ಕಷ್ಟವಾಗುತ್ತದೆ. ಏಳನೆಯ ದಿನದ ಪರೀಕ್ಷೆಯಲ್ಲಿ ಚೆನ್ನಾಗಿ ಬಲ ತೋರಿದ ಕಾಂಕ್ರೀಟ್ 28ನೆಯ ದಿನ ನಿರಾಸೆ ಮಾಡುತ್ತದೆ. ಮೇಲಿಂದ ಬಕೆಟ್ ನೀರು ಬೇರೆ ಬಿದ್ದರೆ, ಅದು ಆರಿದ ಜಾಗದಲ್ಲಿ ಸಣ್ಣ ರಂಧ್ರಗಳೇ ಉಳಿಯುತ್ತವೆ.

ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ಬಿಸಿಲಲ್ಲಿ ರಾಶಿ ಬಿದ್ದಿದ್ದ ಖಡಿ, ಅಂದರೆ ಜಲ್ಲಿಕಲ್ಲು, ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ಕಾಂಕ್ರೀಟಿನಲ್ಲಿ ಹೆಚ್ಚಿನ ತೂಕ ಅದರದೇ, ಅರ್ಥಾತ್ ಬಿಸಿಯೂ ಅದರದೇ. ಅದಕ್ಕೆ ನೀರು ಚಿಮುಕಿಸಿ ತಾಡಪತ್ರಿ ಹೊದಿಸಿದೆವು. ಬಕೆಟ್ ನೀರನ್ನು ದೂರವಿಟ್ಟು, ಕಲಸುವ ನೀರಿನಲ್ಲೇ ಮಂಜುಗಡ್ಡೆ ಕರಗಿಸಿದೆವು. ನೀರು ಅದೇ ತೂಕದ ಖಡಿಗಿಂತ ನಾಲ್ಕೈದು ಪಟ್ಟು ಶಾಖ ಹೀರುತ್ತದೆ, ಹಾಗಾಗಿ ಈ ಉಪಾಯ ಅಗ್ಗ.

ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದು: ಸಂಜೆ ಶುರುಮಾಡಿ, ಹಾರುಬೂದಿ ಬೆರೆತ ಸಿಮೆಂಟ್ ತೆಗೆದುಕೊಳ್ಳಿ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುತ್ತದಲ್ಲ, ಅದೇ ಬೂದಿ. ಅದರ ಕ್ರಿಯೆ ನಿಧಾನ, ನಮ್ಮ ಸೆಕೆಗೆ ಒಗ್ಗುತ್ತದೆ. ಆದರೆ ಹದಿನಾಲ್ಕು ದಿನ ಸ್ಲ್ಯಾಬಿನ ಮೇಲೆ ಹೊದಿಸಿದ ಗೋಣಿತಟ್ಟು ಹಸಿಯಾಗಿರಬೇಕು.

ಮರುದಿನ ಹೋಗಿ ನೋಡಿದೆ. ನಾನು ಬರುವ ಮುಂಚೆ ಸುರಿದಿದ್ದ ಅರ್ಧದಲ್ಲಿ ಕೂದಲೆಳೆಯಂಥ ಬಿರುಕುಗಳು. ಮೇಸ್ತ್ರಿ ಉಗುರಿನಿಂದ ಒಂದನ್ನು ಕೆರೆದು ನೋಡಿದ, ಏನೂ ಅನ್ನಲಿಲ್ಲ.