ಮುಟ್ಟು ನಿಂತ ಮೇಲಿನ ದೇಹಸುಖ: ಒಂದಿಷ್ಟು ಶರೀರಶಾಸ್ತ್ರ

ಮುಟ್ಟು ನಿಂತ ಹೆಂಗಸಿಗೆ ಆಸೆ ಇರಬಾರದು ಎನ್ನುವವರು ಕೆಲವರು, ಇರುವುದೇ ಇಲ್ಲ ಎನ್ನುವವರು ಇನ್ನು ಕೆಲವರು. ತನ್ನಷ್ಟಕ್ಕೆ ತಾನೇ ಸುಖ ಪಡೆದರೆ ಬಿಳಿ ಸೆರಗು ಹೆಚ್ಚಿ ಮೈ ಸೊರಗುತ್ತದೆ ಎಂದು ಹೆದರಿಸುವವರಂತೂ ಊರೂರಲ್ಲಿ ಸಿಗುತ್ತಾರೆ. ಮೂರು ಮಾತಿಗೂ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಯುರೋಪಿನಲ್ಲಿ ಹಸ್ತಮೈಥುನದ ಭಯಕ್ಕೆ ವೈದ್ಯಕೀಯದ ಮುದ್ರೆ ಒತ್ತಿದವರಲ್ಲಿ ಲೋಸಾನ್‌ನ ವೈದ್ಯ ಟಿಸ್ಸೊ ಪ್ರಮುಖ. ಅವನ ಪುಸ್ತಕದ ಫ್ರೆಂಚ್ ಆವೃತ್ತಿ 1760ರಲ್ಲಿ ಬಂತು. ಆ ಹೆದರಿಕೆ ಮುಂದೆ ನೂರೈವತ್ತು ವರ್ಷ ವೈದ್ಯರ ಬಾಯಲ್ಲೇ ಉಳಿಯಿತು. 1953ರಲ್ಲಿ ಅಮೆರಿಕದ ಲೈಂಗಿಕ ಸಂಶೋಧಕ ಕಿನ್ಸಿಯ ತಂಡ ಸುಮಾರು 6,000 ಅಮೆರಿಕನ್ ಹೆಂಗಸರ ಸಂದರ್ಶನದ ಲೆಕ್ಕ ಪ್ರಕಟಿಸಿದಾಗ, ಅವರಲ್ಲಿ ಶೇ. 62ರಷ್ಟು ಮಂದಿ ಹಸ್ತಮೈಥುನ ಮಾಡಿಕೊಂಡವರೇ ಆಗಿದ್ದರು. 

ಸುಖದ ಅಂಗ ಚಂದ್ರನಾಡಿ, ಅಂದರೆ ಕ್ಲಿಟೋರಿಸ್. ಹೊರಗೆ ಕಾಣುವುದು ಬಟಾಣಿ ಗಾತ್ರದ ತುದಿ ಮಾತ್ರ. ಒಳಗೆ ಅದರ ಎರಡು ಕಾಲುಗಳು ಸೊಂಟದ ಮುಂಭಾಗದ ಮೂಳೆಗೆ ಅಂಟಿಕೊಂಡು 5ರಿಂದ 9 ಸೆಂ.ಮೀ. ಹಿಂದಕ್ಕೆ ಹರಿಯುತ್ತವೆ, ಯೋನಿದ್ವಾರದ ಎರಡೂ ಬದಿಗೆ ರಕ್ತ ತುಂಬುವ ಗಡ್ಡೆಗಳಿರುತ್ತವೆ. ಜರ್ಮನಿಯ ಅಂಗರಚನಾ ತಜ್ಞ ಕೊಬೆಲ್ಟ್ ಇದನ್ನು 1844ರಲ್ಲೇ ಬಿಡಿಸಿ ತೋರಿಸಿದ್ದ, ವೈದ್ಯಲೋಕ ಮರೆತುಬಿಟ್ಟಿತು. ಮೆಲ್ಬರ್ನ್‌ನ ಮೂತ್ರರೋಗ ತಜ್ಞೆ ಹೆಲೆನ್ ಓಕಾನೆಲ್ 1998ರಲ್ಲಿ ಮತ್ತೆ ಅಳೆದು ಬರೆಯಬೇಕಾಯಿತು. ನಡುವೆ ಎಷ್ಟು ಅವಾಂತರ! ನೆಪೋಲಿಯನ್ ವಂಶದ ಮರೀ ಬೊನಪಾರ್ಟ್ ಎಂಬಾಕೆ ಸಂಭೋಗದಲ್ಲಿ ಪರಾಕಾಷ್ಠೆ ಸಿಗದ ತನ್ನ ತೊಂದರೆಗೆ ಚಂದ್ರನಾಡಿ ಯೋನಿದ್ವಾರದಿಂದ ದೂರವಿರುವುದೇ ಕಾರಣವೆಂದು ನಂಬಿ, 1924ರಲ್ಲಿ ಗುಪ್ತನಾಮದಲ್ಲಿ ಹೆಂಗಸರ ಅಳತೆಗಳನ್ನು ಪ್ರಕಟಿಸಿದಳು. ಆಮೇಲೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಜರುಗಿಸಿಯೂ ಕೊಂಡಳು. ಫಲ ಸಿಗಲಿಲ್ಲ. ಕೈಯಿಂದ ನೇರವಾಗಿ ತಲುಪಬಹುದಾದ ಅಂಗಕ್ಕೆ ಕತ್ತರಿ ಹಿಡಿಯುವ ಅಗತ್ಯವೇ ಇರಲಿಲ್ಲ.

ಈಗ ನಡುವಯಸ್ಸಿನ ವಿಷಯ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಆ ಹೊತ್ತಿಗೆ ಒಳಗೆ ನಡೆಯುವುದು ಒಂದು ಸರಪಳಿ ಕ್ರಿಯೆ. ಈಸ್ಟ್ರೋಜನ್ ಎಂಬ ಹೆಣ್ತನದ ಹಾರ್ಮೋನ್ ಇರುವಾಗ ಯೋನಿಯ ಒಳಪದರದ ಕೋಶಗಳು ಗ್ಲೈಕೋಜನ್ ಎಂಬ ಸಕ್ಕರೆ ಸಂಗ್ರಹಿಸುತ್ತವೆ. ಕೋಶ ಉದುರಿದಾಗ ಅದು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಪಾಲು. ಹಾಲು ಮೊಸರಾಗುವಾಗ ಹುಳಿ ಹುಟ್ಟುವಂತೆಯೇ ಇಲ್ಲೂ ಲ್ಯಾಕ್ಟಿಕ್ ಆಮ್ಲ ಹುಟ್ಟಿ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.8ರಿಂದ 4.5ರ ನಡುವೆ ನಿಲ್ಲುತ್ತದೆ. ಈಸ್ಟ್ರೋಜನ್ ಇಳಿದರೆ ಪದರ ತೆಳುವಾಗುತ್ತದೆ, ಗ್ಲೈಕೋಜನ್ ಕಡಿಮೆಯಾಗುತ್ತದೆ, ಪಿಎಚ್ 5 ದಾಟುತ್ತದೆ. ರಕ್ತದ ಹರಿವು ಇಳಿದು ಜಿನುಗುವ ತೇವವೂ ತಗ್ಗುತ್ತದೆ. ಉರಿ, ಕೆರೆತ, ಪದೇ ಪದೇ ಮೂತ್ರದ ಸೋಂಕು, ಮುಟ್ಟಿದರೆ ನೋವು: ಎಲ್ಲದರ ಬೇರು ಇಲ್ಲೇ. (ಮೊಸರನ್ನೇ ಒಳಗೆ ಹಚ್ಚಿಕೊಳ್ಳುವ ಮನೆಮದ್ದು ಬೇಡ, ಸೋಂಕಿಗೆ ದಾರಿಯಾದೀತು.) ಹಾಲುಣಿಸುವ ಬಾಣಂತಿಗೂ ಹಾಲು ತಯಾರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರಿ ಈಸ್ಟ್ರೋಜನ್ ಕುಗ್ಗುವುದರಿಂದ ಇದೇ ಒಣಗುವಿಕೆ. 28ರ ಹುಡುಗಿಗೆ ಆದದ್ದು 50ರವಳಿಗೆ ಆದರೆ ಮಾತ್ರ 'ವಯಸ್ಸಾಯಿತು' ಅನ್ನುತ್ತೇವೆ.

ಒಣಗಿದ್ದು ಒಳಪದರ. ಆಸೆಯ ಲೆಕ್ಕ ಬೇರೆ. ನೋವಾಗುತ್ತದೆ ಎಂದು ಗೊತ್ತಾದ ಮೆದುಳು ಆಸೆಯನ್ನೂ ಮಡಚಿಡುತ್ತದೆ, ಅದು ನಿಜ. ಆದರೆ ನೋವು ಹೋದರೆ ಹಲವರಲ್ಲಿ ಆಸೆ ಮರಳುತ್ತದೆ. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ತೋರಿಸಿಕೊಟ್ಟ ಇನ್ನೊಂದು ಸಂಗತಿಯಿದೆ: ಅನೇಕ ಹೆಂಗಸರಲ್ಲಿ ಆಸೆ ಮೊದಲು ಬರುವುದಿಲ್ಲ, ಸ್ಪರ್ಶ ಶುರುವಾಗಿ ದೇಹ ಸ್ಪಂದಿಸಿದ ಮೇಲೆ ಹಿಂದಿನಿಂದ ಬರುತ್ತದೆ. ಆಸೆಗಾಗಿ ಕಾದು ಕೂತವರು ಕಾಯುತ್ತಲೇ ಇರುತ್ತಾರೆ. ಯಾರನ್ನೂ ಮೆಚ್ಚಿಸಬೇಕಿಲ್ಲದ ಸ್ವಂತ ಸ್ಪರ್ಶ ಇಲ್ಲಿ ಕೆಲಸಕ್ಕೆ ಬರುತ್ತದೆ.

ಉಗುರು ಕತ್ತರಿಸಿ, ಕೈ ತೊಳೆದು, 15-20 ನಿಮಿಷ ಬಿಡುವಿಟ್ಟುಕೊಳ್ಳಿ. ಇಪ್ಪತ್ತರ ವಯಸ್ಸಿನಲ್ಲಿ ಬೇಗ ತುಂಬುತ್ತಿದ್ದ ರಕ್ತ ಈಗ ನಿಧಾನವಾಗಿ ತುಂಬುತ್ತದೆ. ನೀರಿನಾಧಾರದ ಲೂಬ್ರಿಕೆಂಟ್ ಅರ್ಧ ಚಮಚ ಸಾಕು, ಆರಿದರೆ ಒಂದೆರಡು ಹನಿ ನೀರು. ಪರಿಮಳ, 'ಬಿಸಿ ಅನುಭವ' ಎಂದು ಬರೆದಿರುವುದು ಉರಿಸುತ್ತದೆ. ಕೊಬ್ಬರಿ ಎಣ್ಣೆ ಹಲವರಿಗೆ ಒಗ್ಗುತ್ತದೆ, ಆದರೆ ಲೇಟೆಕ್ಸ್ ಕಾಂಡೋಮ್ ಅದರಿಂದ ಹರಿಯುತ್ತದೆ. ತುದಿಯನ್ನು ನೇರವಾಗಿ ಮುಟ್ಟಿದರೆ ಚುರುಗುಟ್ಟುವವರು ಮೇಲಿನ ಚರ್ಮದ ಮಡಿಕೆಯ ಮೇಲಿಂದ, ಬದಿಯಿಂದ ಸವರಬೇಕು. ವೈಬ್ರೇಟರ್ ಆದರೆ ಕನಿಷ್ಠ ವೇಗದಿಂದ ಶುರು. ಆಮೇಲೆ ಸ್ವಲ್ಪ ಜೋಮು ಹಿಡಿದರೆ ತಾನಾಗಿ ಇಳಿಯುತ್ತದೆ. ಒಳಭಾಗವನ್ನು ಸೋಪಿನಿಂದ ಉಜ್ಜಬೇಡಿ, ಉಳಿದಿರುವ ಆಮ್ಲವೂ ತೊಳೆದುಹೋಗುತ್ತದೆ.

ಇಷ್ಟಕ್ಕೂ ನೋವು ಉಳಿದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಸಾಮಾನ್ಯವಾಗಿ ಎರಡು-ಮೂರು ವಾರ ದಿನವೂ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಪೂರ್ತಿ ಗುಣ ಕಾಣಲು ಎರಡು-ಮೂರು ತಿಂಗಳು ಬೇಕಾಗಬಹುದು. ಎಂಟೇ ದಿನಕ್ಕೆ ಟ್ಯೂಬ್ ಎಸೆಯಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು.

ಗರ್ಭಕೋಶ ತೆಗೆಸಿಕೊಂಡವರು ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ತೆಗೆದು ನೋಡಿ. 'ಬಿಎಸ್‌ಓ' (BSO) ಎಂದಿದ್ದರೆ ಎರಡೂ ಅಂಡಾಶಯಗಳೂ ಹೋಗಿವೆ. ಆಗ ಈಸ್ಟ್ರೋಜನ್ ಮಾತ್ರವಲ್ಲ, ಆಸೆಗೆ ಇಂಬು ಕೊಡುವ ಟೆಸ್ಟೋಸ್ಟಿರಾನ್ ಕೂಡ ಒಮ್ಮೆಗೇ ಸುಮಾರು ಅರ್ಧಕ್ಕೆ ಕುಸಿಯುತ್ತದೆ. ಸಹಜವಾಗಿ ಮುಟ್ಟು ನಿಂತವರಲ್ಲಿ ಅದು ವರ್ಷಗಟ್ಟಲೆ ಮೆಲ್ಲಗೆ ಇಳಿದಿರುತ್ತದೆ. 45 ದಾಟುವ ಮೊದಲೇ ಅಂಡಾಶಯ ಹೋಗಿದ್ದರೆ ಮೂಳೆ, ಹೃದಯದ ದೃಷ್ಟಿಯಿಂದಲೂ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಗರ್ಭಕೋಶ ಮಾತ್ರ ತೆಗೆದಿರಲಿ, ಅಂಡಾಶಯವೂ ಹೋಗಿರಲಿ, ಚಂದ್ರನಾಡಿಯೂ ಅದರ ನರಗಳೂ ಇದ್ದಲ್ಲೇ ಇವೆ.

ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಮಾತ್ರೆಗಳು ಹಲವರಲ್ಲಿ ಪರಾಕಾಷ್ಠೆಯನ್ನು ತಡಮಾಡುತ್ತವೆ, ಕೆಲವರಲ್ಲಿ ತಡೆದೇಬಿಡುತ್ತವೆ. ಇದು ವಯಸ್ಸಿನ ದೋಷವಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸಬಹುದು ಅಥವಾ ಬುಪ್ರೋಪಿಯಾನ್‌ನಂಥ ಬೇರೆ ಔಷಧಿಗೆ ಬದಲಿಸಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ, ಯೋನಿಯ ಸುತ್ತ ಬೆಳ್ಳಗಿನ ಮಚ್ಚೆ ಮೂಡಿ ಕೆರೆತ ಬಿಡದಿದ್ದರೂ ಕ್ರೀಮು, ಎಣ್ಣೆ ಎಲ್ಲ ಬದಿಗಿಟ್ಟು ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.