ಹೆಣ ಸಿಗದಿದ್ದರೆ ಹೆಂಡತಿ ವಿಧವೆಯಲ್ಲ: ಯುದ್ಧ, ಮಣ್ಣು ಮತ್ತು ಯೆಹೂದಿ ಶಾಸ್ತ್ರ

ಸತ್ತವರನ್ನು ಬೇಗ ಮಣ್ಣು ಮಾಡಬೇಕು. ಯೆಹೂದಿ ಶಾಸ್ತ್ರ ಈ ವಿಷಯದಲ್ಲಿ ಬಹಳ ಗಟ್ಟಿ. ಮರಣದಂಡನೆಗೆ ಗುರಿಯಾದ ಅಪರಾಧಿಯ ಹೆಣವನ್ನೂ ರಾತ್ರಿಯಿಡೀ ಮರದ ಮೇಲೆ ಬಿಡಬಾರದು, ಅದೇ ದಿನ ಹೂಳಬೇಕು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಮಹಾಯಾಜಕನಾದವನು ಸ್ವಂತ ತಂದೆತಾಯಿಯ ಹೆಣವನ್ನೂ ಮುಟ್ಟುವಂತಿಲ್ಲ. ಆದರೆ ದಾರಿಯಲ್ಲಿ ಅನಾಥ ಶವ ಕಂಡರೆ, ಹೂಳಲು ಬೇರೆ ಯಾರೂ ಇಲ್ಲದಿದ್ದರೆ, ಅವನೇ ನಿಂತು ಹೂಳಬೇಕು.

ಯುದ್ಧದಲ್ಲಿ ಸತ್ತವರಿಗೆ ಪದ್ಧತಿ ಸ್ವಲ್ಪ ಬೇರೆ. ಸಾಮಾನ್ಯವಾಗಿ ಶವಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ ಹೂಳುತ್ತಾರೆ. ರಕ್ತ ಸುರಿದು ಸತ್ತವನಿಗೆ ಸ್ನಾನವಿಲ್ಲ. ರಕ್ತ ಹತ್ತಿದ ಬಟ್ಟೆಯ ಸಮೇತ ಹೂಳಬೇಕು, ಯಾಕಂದ್ರೆ ಆ ರಕ್ತವೂ ದೇಹದ ಭಾಗವೇ.

ಇಷ್ಟೆಲ್ಲ ಹೆಣ ಸಿಕ್ಕಿದರೆ, ಅದು ಯಾರದ್ದು ಅಂತ ಗೊತ್ತಾದರೆ. ಗೊತ್ತಾಗದಿದ್ದರೆ ಕಷ್ಟ ಹೆಂಡತಿಯ ತಲೆಗೆ ಬರುತ್ತದೆ. ಗಂಡ ಸತ್ತಿದ್ದಾನೆ ಎಂಬುದು ಖಚಿತವಾಗದೆ ಅವಳು ಮರುಮದುವೆ ಆಗುವಂತಿಲ್ಲ. ಹೀಗೆ ಅತಂತ್ರವಾಗಿ ಉಳಿದವಳನ್ನು ಅಗುನಾ ಎನ್ನುತ್ತಾರೆ. ಒಂದು ವೇಳೆ ಮರುಮದುವೆಯಾಗಿ, ಆಮೇಲೆ ಮೊದಲ ಗಂಡ ಬಾಗಿಲಿಗೆ ಬಂದು ನಿಂತನೆನ್ನಿ. ಅವಳು ಇಬ್ಬರನ್ನೂ ಬಿಡಬೇಕು. ಎರಡನೇ ಗಂಡನಿಂದ ಹುಟ್ಟಿದ ಮಕ್ಕಳಿಗೆ ಆಯುಷ್ಯಪೂರ್ತಿ ಕಳಂಕ. ಶಾಸ್ತ್ರ ತೀರ್ಮಾನಿಸುವ ಧರ್ಮಗುರುಗಳಾದ ರಬ್ಬಿಗಳು ಹೆದರಿದ್ದು ಇದಕ್ಕೇ.

ಹಾಗಂತ ಅವರು ಕಲ್ಲುಮನಸ್ಸಿನವರಾಗಿರಲಿಲ್ಲ. ಬೇರೆ ವ್ಯಾಜ್ಯಗಳಲ್ಲಿ ಇಬ್ಬರು ಸಾಕ್ಷಿಗಳು ಬೇಕು. ಇಲ್ಲಿ ಒಬ್ಬರು ಸಾಕು, ಹೆಂಗಸಿನ ಮಾತೂ ನಡೆಯುತ್ತದೆ, ಇನ್ನೊಬ್ಬರಿಂದ ಕೇಳಿದ ಮಾತೂ ನಡೆಯುತ್ತದೆ. ತೆಲ್ ಅರ್ಜಾ ಎಂಬಲ್ಲಿ ಕೊಲ್ಲಲ್ಪಟ್ಟವರ ಹೆಂಡಿರಿಗೆ ಹಿರಿಯ ರಬ್ಬಾನ್ ಗಮಾಲಿಯೇಲ್ ಒಂದೇ ಸಾಕ್ಷಿಯ ಮೇಲೆ ಮರುಮದುವೆಗೆ ಒಪ್ಪಿಗೆ ಕೊಟ್ಟದ್ದನ್ನು ಯೆಹೂದಿ ನಿಯಮಗಳ ಹಳೆಯ ಸಂಗ್ರಹವಾದ ಮಿಶ್ನಾ ನೆನೆಯುತ್ತದೆ. ಅದು ಒಂದನೇ ಶತಮಾನದ ಮಾತು. ಶಾಂತಿಯ ಕಾಲದಲ್ಲಿ ಹೆಂಡತಿಯೇ ಬಂದು 'ಗಂಡ ಸತ್ತ' ಅಂದರೂ ನಂಬುತ್ತಾರೆ. ಯುದ್ಧದ ಕಾಲದಲ್ಲಿ ಮಾತ್ರ ನಂಬುವುದಿಲ್ಲ! ಸುಳ್ಳು ಹೇಳುತ್ತಾಳೆ ಅಂತಲ್ಲ. ಅಷ್ಟು ಜನ ಸತ್ತಾಗ ಇವನೊಬ್ಬ ಉಳಿದಿರುತ್ತಾನಾ ಅಂತ ಅವಳೇ ಅಂದಾಜು ಮಾಡಿಕೊಂಡಿರಬಹುದು, ಅಲ್ವಾ? ಯುದ್ಧ ಮನಸ್ಸಿಗೆ ಏನು ಮಾಡುತ್ತದೆ ಅಂತ ಬಲ್ಲವರು ಬರೆದ ನಿಯಮ ಇದು.

ಹೆಣದ ಗುರುತಿಗೂ ಕಟ್ಟುನಿಟ್ಟು. ಮೂಗಿನ ಸಮೇತ ಮುಖ ಕಾಣಬೇಕು. ಸತ್ತ ಮೂರು ದಿನದೊಳಗೆ ನೋಡಿರಬೇಕು. ಬಟ್ಟೆ ನೋಡಿ ಹೇಳುವಂತಿಲ್ಲ, ಅದು ಎರವಲು ತಂದದ್ದಿರಬಹುದು.

1948ರಲ್ಲಿ ಇಸ್ರೇಲ್ ಸೇನೆ ಹುಟ್ಟಿದಾಗ ಈ ಹಳೆಯ ನಿಯಮಗಳು ಹೊಸ ಸರ್ಕಾರದ ಕೆಲಸವಾದವು. ಸೇನೆಯ ಮೊದಲ ಮುಖ್ಯ ರಬ್ಬಿ ಶ್ಲೊಮೊ ಗೋರೆನ್, ಕದನ ನಿಂತ ಮೇಲೆ ಗಡಿಯಾಚೆ ಹೋಗಿ ಹೆಣಗಳನ್ನು ತಂದರು. ಆ ಸಾಲಿನಲ್ಲಿ ಅತಿ ವಿಚಿತ್ರವಾದದ್ದು 35 ಮಂದಿಯ ಕಥೆ. ಮುತ್ತಿಗೆಗೆ ಸಿಕ್ಕಿದ್ದ ಯೆಹೂದಿ ಹಳ್ಳಿಗಳ ಗುಂಪಾದ ಗುಷ್ ಎತ್ಸಿಯೋನ್‌ಗೆ ಸಾಮಾನು ಹೊತ್ತು ರಾತ್ರಿ ನಡೆದು ಹೊರಟ ಈ ಹುಡುಗರು 1948ರ ಜನವರಿ 16ರಂದು ದಾರಿಯಲ್ಲೇ ಸತ್ತರು. ಅವರನ್ನು ಹೂಳಿದ ಜಾಗ ಮೇ ತಿಂಗಳಲ್ಲಿ ಕೈತಪ್ಪಿತು. 1949ರ ಕೊನೆಗೆ ಅಸ್ಥಿಗಳನ್ನು ಜೆರುಸಲೇಮಿನ ಸೈನಿಕ ಸ್ಮಶಾನವಾದ ಮೌಂಟ್ ಹೆರ್ಜಲ್‌ಗೆ ತಂದರೂ 12 ಮಂದಿ ಯಾರ್ಯಾರೆಂದು ತಿಳಿಯಲಿಲ್ಲ. ಯಾವ ಕಲ್ಲಿನ ಮುಂದೆ ನಿಲ್ಲಬೇಕೆಂದು ತಂದೆತಾಯಿಗಳಿಗೆ ಗೊತ್ತಿಲ್ಲ. 1951ರಲ್ಲಿ ರಬ್ಬಿ ಆರ್ಯೆ ಲೆವಿನ್ 12 ಮೇಣದಬತ್ತಿ ಹಚ್ಚಿದರು. 18ನೇ ಶತಮಾನದ ಯೆಹೂದಿ ಪಂಡಿತ ವಿಲ್ನಾದ ಗಾವೋನ್ ಹೆಸರಿನಲ್ಲಿ ಬಂದಿರುವ ಶಕುನ ಪದ್ಧತಿಯಂತೆ ಬೈಬಲ್ ತೆರೆದರು. ಹಾಳೆ ಮಗುಚಿ, ಕೊನೆಗೆ ಬಂದ ವಚನದಲ್ಲಿ ಹೆಸರಿನ ಸುಳಿವು ಹುಡುಕುತ್ತಾ ಒಂದೊಂದು ಗೋರಿಗೆ ಒಬ್ಬೊಬ್ಬನ ಹೆಸರು ಇಟ್ಟರು. ಇದನ್ನು ಪುರಾವೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬಳ ಮರುಮದುವೆಯ ಪ್ರಶ್ನೆಗೆ ಇದನ್ನು ಆಧಾರ ಮಾಡುವುದು ರಬ್ಬಿಗಳಿಗೂ ಕಷ್ಟವೇ. ಆದರೆ ಆ ತಂದೆತಾಯಿಗಳಿಗೆ ಬೇಕಿದ್ದದ್ದು ಒಂದು ಗೋರಿ.

ಸಮುದ್ರದ ಸಾವು ಇನ್ನೂ ಜಟಿಲ. ದಡ ಕಾಣದ ನೀರಿಗೆ ಬಿದ್ದವನು ಎಲ್ಲೋ ದೂರದಲ್ಲಿ ದಡ ಸೇರಿರಬಹುದು, ಆದ್ದರಿಂದ ಹೆಂಡತಿ ಕಾಯಬೇಕು ಎಂಬುದು ಮಿಶ್ನಾವನ್ನು ವಿವರಿಸುವ ಗ್ರಂಥವಾದ ತಾಲ್ಮುದ್ ಕಾಲದ ನಿಯಮ. 1968ರ ಜನವರಿಯಲ್ಲಿ ಇಸ್ರೇಲಿನ 'ದಕಾರ್' ಸಬ್‌ಮರೀನ್ 69 ಜನರೊಂದಿಗೆ ಮೆಡಿಟರೇನಿಯನ್‌ನಲ್ಲಿ ಕಾಣೆಯಾಯಿತು. ಕಾಣೆಯಾದವರ ಹೆಂಡಿರ ಪರವಾಗಿ ಗೋರೆನ್ ವಾದಿಸಿದರು. ಮುಚ್ಚಿದ ಸಬ್‌ಮರೀನಿನೊಳಗೆ ಇದ್ದವನು ಈಜಿ ಹೋಗುವುದೆಲ್ಲಿಗೆ? ಅದರ ಅವಶೇಷ ಸುಮಾರು 3 ಕಿಲೋಮೀಟರ್ ಆಳದಲ್ಲಿ ಸಿಕ್ಕಿದ್ದು 1999ರಲ್ಲಿ. ಗೋರೆನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ನಿಜವಾದ ಪರೀಕ್ಷೆ ಬಂದದ್ದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ಬಿದ್ದ 1973ರ ಯೋಮ್ ಕಿಪ್ಪುರ್ ಯುದ್ಧದಲ್ಲಿ. 2,500ಕ್ಕೂ ಜಾಸ್ತಿ ಇಸ್ರೇಲಿ ಸೈನಿಕರು ಸತ್ತರು. ಸಿನಾಯ್ ಮತ್ತು ಗೋಲಾನ್‌ನಲ್ಲಿ ಟ್ಯಾಂಕ್‌ಗಳು ಒಳಗಿದ್ದವರ ಸಮೇತ ಸುಟ್ಟುಹೋಗಿದ್ದವು. ಮೂಗಿನ ಸಮೇತ ಮುಖ ನೋಡಬೇಕೆಂದರೆ ಮುಖ ಎಲ್ಲಿದೆ? ಸೇನೆಯ ಮುಖ್ಯ ರಬ್ಬಿ ಮೊರ್ದೆಖಾಯ್ ಪಿರೋನ್ ಈ ಕಡತಗಳನ್ನು ಸೆಫಾರ್ದಿ (ಸ್ಪೇನ್ ಮತ್ತು ಅರಬ್ ನಾಡುಗಳ ಮೂಲದ) ಯೆಹೂದಿಗಳ ಮುಖ್ಯ ರಬ್ಬಿ ಒವಾದಿಯಾ ಯೋಸೆಫ್ ಮುಂದಿಟ್ಟರು. ನೂರಾರು ಹೆಂಗಸರ ಬದುಕು ಅವುಗಳಲ್ಲಿತ್ತು. ಒವಾದಿಯಾ ಒಂದೊಂದನ್ನೇ ಎತ್ತಿಕೊಂಡರು. ಬೆರಳಚ್ಚು, ಹಲ್ಲಿನ ದಾಖಲೆ, ಅದೇ ಟ್ಯಾಂಕಿಗೆ ಹತ್ತಿದ್ದನ್ನು ಕಂಡವರ ಮಾತು, ಕೊರಳಿನ ಗುರುತಿನ ಬಿಲ್ಲೆ, ಎಲ್ಲವನ್ನೂ ತೂಗಿದರು. ಬಟ್ಟೆಯ ಬಗ್ಗೆ ಹಳಬರು ಎತ್ತಿದ್ದ ಸಂಶಯ ಬಿಲ್ಲೆಗೂ ಬರುತ್ತದೆ: ಎರವಲು ಕೊಟ್ಟಿದ್ದರೆ? ಆದರೆ ತನ್ನ ಹೆಸರು, ನಂಬರ್ ಇರುವ ಬಿಲ್ಲೆಯನ್ನು ಯಾವ ಸೈನಿಕ ತಾನೇ ಬೇರೆಯವರಿಗೆ ಕೊಡುತ್ತಾನೆ? ಇಸ್ರೇಲಿ ಸೈನಿಕ ಕೊರಳಲ್ಲಿ ಅಷ್ಟೇ ಅಲ್ಲ, ಎರಡೂ ಬೂಟಿನೊಳಗೂ ಬಿಲ್ಲೆ ಇಟ್ಟುಕೊಳ್ಳುತ್ತಾನೆ. ಡಿಎನ್‌ಎ ಬಂದ ಮೇಲೆ ಕೆಲವು ರಬ್ಬಿಗಳು ಅದನ್ನು ಖಚಿತ ಗುರುತು ಎಂದರು. ಇನ್ನು ಕೆಲವರಿಗೆ ಅದು ಬೇರೆ ಸಾಕ್ಷ್ಯದ ಜೊತೆಗಿದ್ದರೆ ಮಾತ್ರ ಸೈ.

ಅದೇ ಯುದ್ಧದಲ್ಲಿ ಸತ್ತವರನ್ನು ಮೊದಲು ತಾತ್ಕಾಲಿಕ ಸ್ಮಶಾನಗಳಲ್ಲಿ ಹೂಳಿ, ಮುಂದಿನ ವರ್ಷ ಊರುಗಳಿಗೆ ಸಾಗಿಸಿದರು. ಹೂಳಿದವರನ್ನು ಎಬ್ಬಿಸಬಾರದು ಎಂಬ ನಿಯಮಕ್ಕೂ ದಾರಿಯಿದೆ: ಮುಂದೆ ಸಾಗಿಸುತ್ತೇವೆ ಎಂಬ ಷರತ್ತಿನ ಮೇಲೆಯೇ ಹೂಳಿರಬೇಕು.

ಹುಡುಕಾಟ ದಶಕಗಟ್ಟಲೆ ನಡೆಯುತ್ತದೆ. 1982ರ ಜೂನ್‌ನಲ್ಲಿ ಲೆಬನಾನಿನ ಸುಲ್ತಾನ್ ಯಾಕೂಬ್ ಕದನದಲ್ಲಿ ಕಾಣೆಯಾದ ಸೈನಿಕ ಜಕಾರಿ ಬಾಮೆಲ್ ಶವ ರಷ್ಯಾದ ನೆರವಿನಿಂದ ಸಿಕ್ಕಿದ್ದು 2019ರಲ್ಲಿ. ಅಷ್ಟು ವರ್ಷ ಮನೆಯವರು ಸೂತಕ ಹಿಡಿಯುವುದು ಯಾವಾಗ? ಶಾಸ್ತ್ರ ಅದಕ್ಕೂ ಉತ್ತರ ಇಟ್ಟಿದೆ. ಗೋರಿ ಮುಚ್ಚಿದ ಗಳಿಗೆಯಿಂದ, ಇಲ್ಲವೇ ಹೆಣ ಸಿಗುವ ಆಸೆ ಬಿಟ್ಟ ದಿನದಿಂದ ಏಳು ದಿನ.

ಹೆಣ ಸಿಗದವರ ವಿಷಯದಲ್ಲಿ ಇಷ್ಟು ಬಾಗಿದ ಶಾಸ್ತ್ರ, ಹೆಣ ಕಣ್ಣ ಮುಂದೆ ಇದ್ದಾಗ ಕೆಲವೊಮ್ಮೆ ಬಾಗಿಲ್ಲ. ಅಪ್ಪ ಅಥವಾ ಅಜ್ಜ ಯೆಹೂದಿಯಾದರೆ ಇಸ್ರೇಲಿಗೆ ವಲಸೆ ಬರಬಹುದು, ಸೇನೆ ಸೇರಬಹುದು. ಆದರೆ ತಾಯಿ ಯೆಹೂದಿಯಲ್ಲದಿದ್ದರೆ ಶಾಸ್ತ್ರದ ಲೆಕ್ಕದಲ್ಲಿ ಅವನೂ ಅಲ್ಲ. ಹಳೆಯ ಸೋವಿಯತ್ ನಾಡಿನಿಂದ ಬಂದಿದ್ದ ಇಂಥ ಒಬ್ಬ ಸೈನಿಕ 1993ರಲ್ಲಿ ಸತ್ತಾಗ, ಬೇತ್ ಶೆಆನ್ ಸ್ಮಶಾನದಲ್ಲಿ ಅವನನ್ನು ಉಳಿದವರಿಂದ ದೂರಕ್ಕೆ, ಅಂಚಿನಲ್ಲಿ ಹೂಳಿದರು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ಶಾಂತಿಗೋಸ್ಕರ ಅನ್ಯರ ಸತ್ತವರನ್ನು ಇಸ್ರೇಲರ ಸತ್ತವರೊಂದಿಗೆ ಹೂಳಬಹುದು ಎಂದು ತಾಲ್ಮುದ್ ಹೇಳುತ್ತದೆ. 'ಒಂದಿಗೆ' ಅಂದರೆ ಪಕ್ಕದಲ್ಲೋ, ಅದೇ ಕಾಲದಲ್ಲೋ? ಕೆಲವು ರಬ್ಬಿಗಳು ಒಂದೇ ಸ್ಮಶಾನವಾದರೂ ನಾಲ್ಕು ಮೊಳ ಬಿಡಿ ಎನ್ನುತ್ತಾರೆ. ಒಂದೇ ಟ್ಯಾಂಕಿನಲ್ಲಿ ಕೂತವರಿಗೆ ಯಾಕೆ ಆ ಅಂತರ ಎಂದು ಕೇಳುವವರೂ ಇದ್ದಾರೆ, ಮತ್ತು ನಾನು ಅವರ ಕಡೆ.